ತಗ್ಗಿನ ಪಾರ್ಕು

ಗೋಳು ಶುರುವಾದದ್ದು ನಿವೃತ್ತ ಹೆಡ್‌ಮಾಸ್ತರರ ಎಡಗಾಲಿನ ಚಪ್ಪಲಿಯಿಂದ. ಬೆಳಗಿನ ವಾಕಿಂಗಿಗೆಂದು ಹೊಸ ಪಾರ್ಕಿಗೆ ಇಳಿದವರು ಮೊಣಕಾಲುದ್ದ ನೀರಿನಲ್ಲಿ ಅದನ್ನು ಕಳೆದುಕೊಂಡು, ಒಂಟಿ ಚಪ್ಪಲಿಯಲ್ಲೇ ಬಂದು ಪಾರ್ಕಿನ ನಕ್ಷೆ ಬರೆದವನ ಬಾಗಿಲು ತಟ್ಟಿದರು.

ಅವನು ಮಹಾನಗರ ಪಾಲಿಕೆಯ ತೋಟದ ವಿಭಾಗದವನು. ದಟ್ಟ ಕಾಡು ಕಡಿದು ಕಟ್ಟಿದ ಊರು. ವರ್ಷಕ್ಕೆ ಒಂಬತ್ತು ತಿಂಗಳು ಮಳೆ. ಹಗ್ಗದ ಮೇಲಿನ ಬಟ್ಟೆಗಳು ಒಣಗುವ ಆಸೆಯನ್ನೇ ಬಿಟ್ಟಿದ್ದವು. ತನ್ನ ಬೀದಿ ಮೂರು ಸಲ ಮುಳುಗಿದ ಮೇಲೆ, ಆರು ವರ್ಷ ಫೈಲು ಹೊತ್ತು ಅಲೆದು ಅವನು ಈ ಪಾರ್ಕು ಮಾಡಿಸಿದ್ದ. ನಡುವೆ ಬಟ್ಟಲಿನಂಥ ತಗ್ಗು, ಸುತ್ತ ಕಾಡುಮರ. ಮಳೆನೀರು ಮನೆಗಳಿಗೆ ನುಗ್ಗದೆ ಅಲ್ಲಿ ನಿಂತು, ಎರಡು ದಿನದಲ್ಲಿ ತೂಬಿನಿಂದ ಮೆಲ್ಲಗೆ ಹೊಳೆಗೆ ಹರಿದುಹೋಗಬೇಕು.

"ಅದು ತುಂಬೋದಕ್ಕೇ ಇರೋದು, ಸರ್," ಎಂದ.

"ಪಾರ್ಕ್ ಇರೋದು ನಡೆಯೋಕೆ ಕಣಯ್ಯ, ಈಜೋಕಲ್ಲ."

"ರಾತ್ರಿ ಅಷ್ಟು ಮಳೆ ಬಂತಲ್ಲ, ನಿಮ್ಮನೆಗೆ ನೀರು ನುಗ್ತಾ?"

"ಇಲ್ಲ. ಅದಕ್ಕೂ ಇದಕ್ಕೂ ಏನು ಸಂಬಂಧ?"

ಹೊತ್ತೇರುವಷ್ಟರಲ್ಲಿ ಕೇರಿಯೇ ಅವನ ಗೇಟಿನ ಮುಂದೆ ನೆರೆಯಿತು. ಮಣ್ಣು ತುಂಬಿಸಿ ಸಿಮೆಂಟ್ ಬಳಿಯಿರಿ ಎಂದಳು ಎದುರುಮನೆಯ ದರ್ಜಿ. ಅಲ್ಲಿಂದ ಜಾರಿಕೊಂಡು ಆಫೀಸಿಗೆ ಹೋದರೆ, ಮುಖ್ಯ ಎಂಜಿನಿಯರು ಹಸಿ ಗೋಡೆಯಂಥ ಮುಖ ಮಾಡಿಕೊಂಡು ಕೂತಿದ್ದರು.

"ನಿಮ್ಮ ಹೆಡ್‌ಮಾಸ್ತರು ಮೇಯರಿಗೇ ಫೋನ್ ಮಾಡಿದಾರೆ. ಸಂಜೆ ಬಂದು ನೋಡ್ತಾರಂತೆ. ಸಸ್ಪೆನ್ಷನ್ ಆರ್ಡರ್ ಟೈಪ್ ಆಗಿದೆ, ಅವರ ಸಹಿ ಒಂದು ಬಾಕಿ."



ಸಂಜೆ ಮೇಯರು ಕೊಡೆಯಡಿ ನಿಂತು ನೀರನ್ನೇ ದಿಟ್ಟಿಸಿದರು. ಮರಗಳ ನೆರಳು ಅಲುಗುತ್ತಿತ್ತು. ಎರಡು ಬಿಳಿ ಕೊಕ್ಕರೆ ಇಳಿದವು. ದಂಡೆಯಲ್ಲಿ ಜನ ಒತ್ತೊತ್ತಿ ನಿಂತಿದ್ದರು.

"ಇಷ್ಟು ಚೆಂದದ ಕೆರೆ ನಮ್ಮೂರಲ್ಲಿತ್ತಾ?" ಎಂದರು ಮೇಯರು.

"ನಮ್ಮ ವಿಭಾಗದ್ದೇ, ಸರ್," ಎಂದರು ಎಂಜಿನಿಯರು, ಆರ್ಡರನ್ನು ಮಡಚಿ ಜೇಬಿಗಿಳಿಸುತ್ತ.

"ಒಂದು ಹನೀನೂ ಹೊರಗೆ ಹೋಗಬಾರದು. ಇವತ್ತೇ ತೂಬು ಮುಚ್ಚಿಸಿ. ದೋಣಿ ಬಿಡೋಣ. ಈ ಹುಡುಗನ್ನೇ ಉಸ್ತುವಾರಿಗೆ ಹಾಕಿ, ಬಡ್ತಿ ಕೊಟ್ಟು."

"ಸರ್, ಇದು ಖಾಲಿ ಇರ್ಲೇಬೇಕು. ತುಂಬಿಕೊಂಡೇ ಇದ್ರೆ ಮುಂದಿನ ಮಳೆಗೆ ಜಾಗ ಎಲ್ಲಿ?"

ಚಪ್ಪಾಳೆಯಲ್ಲಿ ಅವನ ಮಾತು ಯಾರಿಗೂ ಕೇಳಲಿಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಹೆಡ್‌ಮಾಸ್ತರರೇ.

ಜನ ಚದುರಿದ ಮೇಲೆ ಅವನು ತನ್ನ ಕೈಯಾರೆ ತೂಬಿನ ಚಕ್ರ ತಿರುಗಿಸಿ ಮುಚ್ಚಿದ. ಮತ್ತೆ ದಪ್ಪ ಹನಿ ಬೀಳತೊಡಗಿತು. ಮರದಡಿ ಸರಿದು ಹೆಂಡತಿಗೆ ಫೋನು ಮಾಡಿದ.

"ಹಾಸಿಗೆ, ಮಕ್ಕಳ ಪುಸ್ತಕ ಎಲ್ಲಾ ಅಟ್ಟಕ್ಕೆ ಹಾಕು."

"ಯಾಕ್ರೀ, ಕೆಲಸ ಹೋಯ್ತಾ?"

"ಇಲ್ಲ ಕಣೇ," ಎಂದ ಅವನು. "ಬಡ್ತಿ ಸಿಕ್ತು."