ಮಾವ ಕುರಿಗಳ ಬಣ್ಣ ತೊಳೆದದ್ದು

ತನ್ನದೇ ಕುರಿಗಳ ಬೆನ್ನ ಮೇಲಿನ ಬಣ್ಣ ಕಂಡು ಹೆದರಿದ ಕುರಿಗಾರ ಆದೋನಿ ಸೀಮೆಯಲ್ಲಿ ಒಬ್ಬನೇ ಇದ್ದಾನೆ. ಅವನು ನನ್ನ ಸೋದರಮಾವ! ತೋಳಕ್ಕೆ ಎದುರು ನಿಂತವನೆಂದು ಅವನ ಊರು ಹಾಲಹರವಿಯಲ್ಲಿ ಹೇಳುತ್ತಾರೆ. ಹೇಳುವವರ ಬಾಯಲ್ಲಿ ಆ ತೋಳ ವರ್ಷವರ್ಷವೂ ಬೆಳೆಯುತ್ತಿದೆ, ನಂಬುವುದು ಹೇಗೆ? ಅವನು ಹೆದರಿದ್ದನ್ನು ಮಾತ್ರ ನಾನೇ ಕಂಡಿದ್ದೇನೆ. ಕಂಡಿದ್ದೇನೆ ಅಂದುಕೊಂಡಿದ್ದೇನೆ.

ಮಾವನ ಕುತ್ತಿಗೆಯಲ್ಲಿ ಗಂಟೆದ್ದಿತ್ತು. ಬಿಳಿ ರಕ್ತಕಣಗಳ ಕ್ಯಾನ್ಸರ್ ಎಂದರು ಕರ್ನೂಲಿನ ಡಾಕ್ಟರಮ್ಮ. "ಆ ಕಣಗಳ ಮೈಮೇಲೆ ಸಿಡಿ ಟ್ವೆಂಟಿ ಅಂತ ಒಂದು ಪ್ರೋಟೀನ್ ಇರುತ್ತೆ. ಔಷಧಿ ಆ ಗುರುತು ಹಿಡಿದು ಅಂಟಿಕೊಂಡು, ಕಣ ಸಾಯೋ ಹಾಗೆ ಮಾಡುತ್ತೆ."

"ಆ ಗುರುತು ಚಲೋ ಕಣಕ್ಕ ಇರಂಗಿಲ್ಲೇನ್ರಿ ಮೇಡಂ?"

"ಕೆಲವಕ್ಕೆ ಇರುತ್ತೆ. ಅವೂ ಹೋಗ್ತವೆ."

ಮಾವ ಮುಂದಿನ ಮಾತು ಕೇಳದೆ ಎದ್ದ. ಊರು ಮುಟ್ಟಿದವನೇ ಇಡೀ ಹಿಂಡನ್ನು ಕಾಲುವೆಗೆ ಹೊಡೆದು, ತನ್ನವೆಂದು ತಿಳಿಯಲು ಬೆನ್ನ ಮೇಲೆ ಬಳಿದಿದ್ದ ಕೆಂಪು ಗುರುತನ್ನು ಸೋಪು ಹಚ್ಚಿ ಉಜ್ಜತೊಡಗಿದ.

"ಕುರಿಗೆ ಮದಿವಿ ಗೊತ್ತಾಗೇತೇನು?" ಎಂದಳು ಅತ್ತೆ.

"ಗುರುತು ಇದ್ದದ್ದಕ್ಕ ಸಾವು ಬರತೈತಿ. ಇವು ಏನ್ ತಪ್ಪು ಮಾಡ್ಯಾವ?"

ಸಂಜೆ ಮೇಯುವಾಗ ಅವನ ಹಿಂಡು ಪಕ್ಕದವನ ಹಿಂಡಿನೊಳಗೆ ಬೆರೆಯಿತು. ಗುರುತಿಲ್ಲದ ಕುರಿ ಯಾರದು? ಪಕ್ಕದವನು ತಲೆ ಕೆರೆದುಕೊಂಡ: "ಏಮ್ ಮಾವಾ, ದನೀ ಮಾಡಿ ಕರದು ನೋಡು. ಬಂದವು ನಿನ್ನವು." ಮಾವ ಕರೆದ. ಪಕ್ಕದವನ ಕುರಿಗಳೂ ಬಂದವು.

"ಸಾವು ಬರೂದಕ್ಕ ಮೊದಲ ಜಗಳ ಬಂತು," ಎಂದಳು ಅತ್ತೆ.

ನಾನು ಡಾಕ್ಟರಮ್ಮನಿಗೆ ಫೋನು ಮಾಡಿದೆ. ಹೊಸ ಕಣಗಳನ್ನು ಹುಟ್ಟಿಸುವ ಮೂಲಕಣಗಳು ಎಲುಬಿನ ಒಳಗಿವೆ, ಅವಕ್ಕೆ ಆ ಗುರುತಿಲ್ಲ, ಔಷಧಿ ಅವನ್ನು ಮುಟ್ಟುವುದಿಲ್ಲ ಎಂದರು. ಮಾವನಿಗೆ ಹೇಳಿದೆ.

"ಅಂದ್ರ ಹಿಂಡು ತಿರುಗಿ ಬೆಳೀತೈತಿ. ಅಲ್ಲೀತನಕ ನಾ ಉಳೀತೀನೇನು?"

ಅತ್ತೆ ಆಸ್ಪತ್ರೆಗೆ ಹೋಗಲು ಬುತ್ತಿ ಕಟ್ಟಿದಳು.

ಮೊದಲ ಸಲ ಔಷಧಿ ಏರಿಸಿದಾಗ ಅವನಿಗೆ ಚಳಿ ಹತ್ತಿತು, ಮಂಚವೇ ಅಲುಗಿತು. ನರ್ಸಮ್ಮ ಔಷಧಿ ನಿಲ್ಲಿಸಿ, ಕಂಬಳಿ ಹೊದಿಸಿ, ಆಮೇಲೆ ನಿಧಾನಕ್ಕೆ ಬಿಟ್ಟರು. ಆಗ ಮಾವ ನನ್ನ ಕೈ ಹಿಡಿದು ಅಂದದ್ದು: "ಕೈ ಬಿಡಬ್ಯಾಡ, ನಂಗ ಅಂಜಿಕಿ ಬರತೈತಿ."

ಇಲ್ಲಿಯವರೆಗೆ ಬರೆದು ಅತ್ತೆಗೆ ಓದಿ ಹೇಳಿದೆ. ಆಕೆ ತಲೆಯಾಡಿಸಿದಳು.

"ಆ ಮಾತಂದಾವ ನೀನ. ಅವ್ರು ನಡಗಿಕೋತ ನಿನ್ನ ತಲಿ ಸವರಾಕತ್ತಿದ್ರು."