ವಾಡೆಯಲ್ಲಿ ಒಬ್ಬಳು ಶಾಲ್ಮಲಾ

ಹೆಸರು ಎಂಬುದು ಮನುಷ್ಯನ ಶಾಶ್ವತವಾದ ಆಸ್ತಿ. ಹೊಲಮನೆ ಹೋದರೂ, ಹಲ್ಲು ಕೂದಲು ಹೋದರೂ, ಕೊನೆಗೆ ಮನುಷ್ಯನೇ ಹೋದರೂ ಅದೊಂದು ಉಳಿಯುತ್ತದೆ. ಇಂಥ ಘನವಾದ ಆಸ್ತಿಯನ್ನು ನಮಗೆ ದಯಪಾಲಿಸುವವರು ಯಾರೆಂದು ವಿಚಾರಿಸಿದರೆ ಮಾತ್ರ ಘನತೆ ಸ್ವಲ್ಪ ಇಳಿಯುತ್ತದೆ. ಋಷಿಗಳಲ್ಲ, ತಂದೆತಾಯಿಗಳೂ ಅಲ್ಲ. ಹುಟ್ಟಿದ ಹನ್ನೆರಡನೆಯ ದಿನ ತಂದೆಯ ಅಕ್ಕನೋ ತಂಗಿಯೋ ತೊಟ್ಟಿಲಿಗೆ ಬಗ್ಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಊದಿ, ನೆರೆದ ಹೆಂಗಸರಿಂದ ಬೆನ್ನ ಮೇಲೆ ದಬದಬ ಗುದ್ದಿಸಿಕೊಳ್ಳುತ್ತ ಒಂದು ಹೆಸರನ್ನು ಹೇಳಿಬಿಡುತ್ತಾಳೆ. ಬೆನ್ನು ನೋಯುವ ಹೊತ್ತಿಗೆ ಬಾಯಿಗೆ ಬಂದದ್ದೇ ಆ ಜೀವಕ್ಕೆ ಕಡೆತನಕ ಗಟ್ಟಿ. ಈ ಏರ್ಪಾಟಿನಲ್ಲಿ ತಂದೆಯಾದವನಿಗೆ ನಿಗದಿಯಾದ ಸ್ಥಾನ ಹೊರಗಿನ ಪಡಸಾಲೆ.

ಇದು ನನಗೆ ಮನವರಿಕೆಯಾದದ್ದು ಎರಡನೆಯ ಸಲ ತಂದೆಯಾದಾಗ. ಮೊದಲನೆಯ ಬಾಣಂತನ ಹೆಂಡತಿಯ ತವರಿನಲ್ಲಾಯಿತು. ನಾನು ಪುಣೆಯ ಕಚೇರಿಯಲ್ಲಿ ಇಂಗ್ರಜ ಸಾಹೇಬನ ಮುಂದೆ ರಜೆಗಾಗಿ ಕೈಕಟ್ಟಿ ನಿಂತಿದ್ದಾಗಲೇ ಅಲ್ಲಿ ಮಗನಿಗೆ ನಮ್ಮ ತಂದೆಯ ಹೆಸರು ಬಿದ್ದು, ಗುಗ್ಗರಿ ಹಂಚಿ, ಪಾತ್ರೆ ತೊಳೆದೂ ಆಗಿತ್ತು. ಎರಡನೆಯದು ಪುಣೆಯಲ್ಲೇ, ನನ್ನ ಕಣ್ಣೆದುರಿಗೇ ಆಗುವುದಿತ್ತು. ಹೆಣ್ಣಾದರೆ ‘ಶಾಲ್ಮಲಾ’ ಎಂದು ಹೆಸರಿಡಬೇಕೆಂದು ನಾನು ಮನಸ್ಸಿನಲ್ಲಿಯೇ ನಿಶ್ಚಯಿಸಿದ್ದೆ. ಹೆಣ್ಣೇ ಆಯಿತು. ಅಲ್ಲಿಗೆ ನನ್ನ ಅದೃಷ್ಟದ ಪಾಲು ತೀರಿತು.

ಶಾಲ್ಮಲಾ ಎಂಬುದು ನಮ್ಮ ಧಾರವಾಡದಲ್ಲಿ ಹುಟ್ಟುವ ಹೊಳೆ. ಧಾರವಾಡದವರಲ್ಲಿಯೇ ಅದನ್ನು ನೋಡಿದವರಿಗಿಂತ ಅದರ ಮೇಲೆ ಅಭಿಮಾನಪಡುವವರು ಹೆಚ್ಚು. ಪುಣೆಗೆ ಬಂದ ಮೇಲೆ ನನ್ನ ಅಭಿಮಾನವೂ ಬೆಳೆಯಿತು. ಬೆಳಗಿನಿಂದ ಸಂಜೆಯವರೆಗೆ ಕಚೇರಿಯಲ್ಲಿ ಮರಾಠಿ, ಸಾಹೇಬನೊಡನೆ ಇಂಗ್ಲಿಷು, ತರಕಾರಿಯವಳೊಡನೆ ಎರಡರ ಮಿಶ್ರಣ. ಮನೆಗೆ ಬಂದು ದಿನಕ್ಕೆ ಹತ್ತು ಸಲವಾದರೂ ದೊಡ್ಡ ದನಿಯಲ್ಲಿ ಕೂಗಿ ಕರೆಯುವ ಹೆಸರಿನಲ್ಲಿ ನಮ್ಮ ಊರಿನ ನೀರು ಇರಲಿ ಎಂದು ಆಸೆಪಟ್ಟದ್ದು ಅಪರಾಧವಲ್ಲ. ಅದಲ್ಲದೆ ನಾವಿದ್ದ ನಾರಾಯಣ ಪೇಟೆಯ ಹತ್ತಾರು ಬಿಡಾರಗಳ ವಾಡೆಯಲ್ಲಿ, ನಡುವಿನ ಅಂಗಳದ ನೀರಿನ ತೊಟ್ಟಿಯ ಬಳಿ ಬೆಳಿಗ್ಗೆ ಹೋಗಿ ನಿಂತರೆ ಕಾಶಿ, ಮಥುರಾ, ದ್ವಾರಕಾ, ಗೋದಾವರಿ ಎಲ್ಲರೂ ಕೊಡ ಹಿಡಿದು ಜಗಳಾಡುತ್ತಿದ್ದರು. ರೈಲಿನ ತಿಕೀಟಿಲ್ಲದೆ ತೀರ್ಥಯಾತ್ರೆಯಾಗುತ್ತಿತ್ತು. ಭರತಖಂಡದ ಪುಣ್ಯಕ್ಷೇತ್ರಗಳೆಲ್ಲ ಬಿಡಾರ ಮಾಡಿದ ಆ ಅಂಗಳದಲ್ಲಿ ಧಾರವಾಡಕ್ಕೂ ಒಂದು ಮೂಲೆ ಬೇಡವೇ?

ಈ ವಾದವನ್ನು ಮೊದಲು ಹೆಂಡತಿಯ ಮುಂದೆ ಮಂಡಿಸಿದೆ. ಅವಳು ಕೂಸಿಗೆ ಎಣ್ಣೆ ತಿಕ್ಕುತ್ತ ಕೇಳಿಸಿಕೊಂಡು, “ಹೆಸರಿಡೂದು ನಿಮ್ಮ ಅಕ್ಕಾರ ಹಕ್ಕು, ಕರಿಯೂದು ನನ್ನ ಹಕ್ಕು. ನೀವು ಗುಗ್ಗರಿ ತಿಂದು ಸುಮ್ಮನಿರ್ರಿ,” ಎಂದಳು.

ಅಕ್ಕ ಧಾರವಾಡದಿಂದ ಬೆಳಗಿನ ಗಾಡಿಗೆ ಬಂದಿಳಿದಳು. ಅವಳು ನನಗಿಂತ ಹಿರಿಯಳು. ನನ್ನ ಕಿವಿ ಹಿಂಡಿದ ಕೈ ಅವಳದು, ಆ ಕೈಯ ನೆನಪು ನನ್ನ ಕಿವಿಗಿನ್ನೂ ಇದೆ. ಬಂದವಳೇ ಕೂಸಿನ ಮುಖ ನೋಡಿ, “ಅವ್ವನ ಮೂಗು,” ಎಂದಳು. ಹಿಂದಿನ ವರ್ಷ ತೀರಿಕೊಂಡ ನಮ್ಮ ತಾಯಿಯ ಹೆಸರು ಕಾಶಿಬಾಯಿ. ಮೂಗಿನಿಂದ ಹೆಸರಿಗೆ ಇರುವ ದೂರ ಬಹಳವಲ್ಲ. ತಡಮಾಡಿದರೆ ಕೆಲಸ ಕೆಟ್ಟಿತೆಂದು, ಅವಳು ಚಹಾದ ಬಟ್ಟಲು ಎತ್ತಿದೊಡನೆಯೇ ವಿಷಯ ತೆಗೆದೆ.

ಅಕ್ಕ ಬಟ್ಟಲು ಕೆಳಗಿಟ್ಟಳು. “ಆ ಹಳ್ಳದ ಹೆಸರೇನು? ಮಳಿಗಾಲದಾಗ ನಾಕು ದಿನ ಕಾಣತದ, ಆಮ್ಯಾಲೆ ನೆಲದಾಗ ಎಲ್ಲಿ ಹೋಗತದೋ ಯಾರಿಗೂ ಗೊತ್ತಿಲ್ಲ. ಹೆಣ್ಣುಮಗಳಿಗೆ ಅಂಥಾ ಹೆಸರು ಛಲೋನೇನೋ ತಮ್ಮಾ?”

ನಾನು ಧೃತಿಗೆಡಲಿಲ್ಲ. ಹೆಸರಿನ ಅರ್ಥಗೌರವವನ್ನು ವಿವರಿಸಿದೆ. ಶಾಲ್ಮಲಿ ಎಂದರೆ ಬೂರುಗದ ಮರ. ಎಲೆಯೆಲ್ಲ ಉದುರಿದಾಗಲೂ ಕೆಂಪು ಹೂವಿನಿಂದ ತುಂಬುವಂಥದು. ಪುರಾಣದ ಏಳು ದ್ವೀಪಗಳಲ್ಲಿ ಶಾಲ್ಮಲಿ ದ್ವೀಪವೇ ಒಂದು. ಆ ದ್ವೀಪವನ್ನು ಸುತ್ತಿಕೊಂಡಿರುವುದು ಹೆಂಡದ ಸಮುದ್ರ ಎಂಬ ಅಂಶವನ್ನು ಈ ಸಂದರ್ಭದಲ್ಲಿ ಹೇಳುವುದು ಅನಗತ್ಯವೆಂದು ಬಿಟ್ಟೆ. ನರಕದಲ್ಲಿ ಪಾಪಿಗಳಿಂದ ಅಪ್ಪಿಸುವ ಮುಳ್ಳಿನ ಮರವೂ ಇದೇ ಕುಲದ್ದು ಎಂಬುದನ್ನೂ ಬಿಟ್ಟೆ. ಆದರೆ ತಾಯಿ ಹೋದ ಹತ್ತು ದಿನ ಮನೆಯಲ್ಲಿ ಗರುಡಪುರಾಣ ಓದಿಸಿದಾಗ ನಾವೆಲ್ಲ ತೂಕಡಿಸುತ್ತಿದ್ದರೆ ಅಕ್ಕನೊಬ್ಬಳೇ ಎಚ್ಚರವಾಗಿ ಕೂತು ಕೇಳಿದ್ದಳು. ಮುಳ್ಳಿನ ಸಮೇತ ಎಲ್ಲ ವಿವರವನ್ನೂ ಅವಳೇ ನನಗೆ ಹೇಳಿದಳು.

ಕೊನೆಗೆ ನನ್ನ ಮುಖ ನೋಡಿ ಅವಳಿಗೆ ಏನನ್ನಿಸಿತೋ, ಒಂದು ಸಂದು ಬಿಟ್ಟುಕೊಟ್ಟಳು. “ಈ ಹೆಸರಿನಾಕಿ ಒಬ್ಬಾಕಿನ್ನ ನನ್ನ ಕಣ್ಣಿಗೆ ತೋರ್ಸು. ಯಾರೂ ಇಡಲಾರದ ಹೆಸರು ನಾ ಮೊದಲು ಇಟ್ಟು ಮಂದೀ ಬಾಯಾಗ ಬೀಳೂದಿಲ್ಲ. ತೋರ್ಸು, ಆಮ್ಯಾಲೆ ನೋಡೂಣು.”

‘ಆಮೇಲೆ ನೋಡೋಣ’ ಎಂಬ ಮಾತನ್ನು ಸಾಹೇಬ ಹೇಳಿದರೆ ಇಲ್ಲವೆಂದೇ ಅರ್ಥ ಎಂದು ನನಗೆ ಅನುಭವದಿಂದ ಗೊತ್ತಿತ್ತು. ಅಕ್ಕ ಹೇಳಿದಾಗ ಮಾತ್ರ ಒಪ್ಪಿಗೆಯೆಂದು ತಿಳಿದೆ. ನಾಮಕರಣಕ್ಕೆ ವಾರವೂ ಉಳಿದಿರಲಿಲ್ಲ. ಕಚೇರಿ ಬಿಟ್ಟ ಮೇಲೆ ಪುಣೆಯಲ್ಲಿದ್ದ ಧಾರವಾಡ, ಬೆಳಗಾವಿಯವರ ಮನೆಮನೆಗೆ ಹೋಗಿ, ನಿಮ್ಮ ನೆಂಟರಿಷ್ಟರಲ್ಲಿ ಶಾಲ್ಮಲಾ ಎಂಬವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ. ತುಂಗಾ ಇದ್ದಳು, ಭದ್ರಾ ಇದ್ದಳು, ಕೃಷ್ಣಾಬಾಯಿಯರು ಬೇಕಾದಷ್ಟಿದ್ದರು. ಒಂದು ಮನೆಯಲ್ಲಿ, ನನಗೆ ಎರಡನೆಯ ಸಂಬಂಧ ಹುಡುಕುತ್ತಿದ್ದೇನೆಂದು ತಿಳಿದು ನೀರೂ ಕೊಡದೆ ಕಳಿಸಿದರು. ದಿನಗಳು ಕರಗುತ್ತಿದ್ದವು. ಅತ್ತ ಅಕ್ಕ ಮಂಚದ ಮೇಲೆ ಕೂತು ಕೂಸನ್ನು ತೊಡೆಯಲ್ಲಿ ಹಾಕಿಕೊಂಡು, ಯಾರ ಮನಸ್ಸನ್ನೂ ನೋಯಿಸದ ಸಣ್ಣ ದನಿಯಲ್ಲಿ, ‘ಕಾಶೀ, ಕಾಶೀ’ ಎಂದು ಅಭ್ಯಾಸ ಮಾಡುತ್ತಿದ್ದಳು.

ಆಗ ನನಗೆ ಗೋವಿಂದರಾಯರ ನೆನಪಾಯಿತು. ಅವರು ನಮ್ಮ ಎದುರು ಬಿಡಾರದ ಮರಾಠಿ ಗೃಹಸ್ಥರು, ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ನಮ್ಮ ಕೂಸಿಗಿಂತ ಕೆಲವು ದಿನ ಮೊದಲು ಅವರ ಮನೆಯಲ್ಲೂ ಹೆಣ್ಣು ಹುಟ್ಟಿತ್ತು. ಅವರ ನಾಮಕರಣ ನಮ್ಮದಕ್ಕಿಂತ ಮುಂಚೆ. ಇಲ್ಲದ ಶಾಲ್ಮಲೆಯನ್ನು ಹುಡುಕುವ ಬದಲು ಒಬ್ಬಳನ್ನು ಉಂಟುಮಾಡುವುದೇ ಸುಲಭವೆಂದು ನನಗೆ ಹೊಳೆಯಿತು. ಇಂಥ ಹೊಳಹುಗಳು ಬರುವಾಗ ಮನುಷ್ಯನನ್ನು ಯಾರಾದರೂ ಹಿಡಿದು ಕೂರಿಸಬೇಕು.

ಸಂಜೆ ಅವರನ್ನು ನದಿಯ ಕಡೆ ತಿರುಗಾಡಲು ಕರೆದುಕೊಂಡು ಹೋದೆ. ಕೆಂಪು ಹೂವಿನ ಮರವನ್ನು ಎಷ್ಟು ವರ್ಣಿಸಿದೆನೆಂದರೆ ಚಿತ್ರಕಾರರಾದ ಅವರಿಗೆ ಅದು ಕಣ್ಣಿಗೆ ಕಟ್ಟಿತು. ಈ ಹೆಸರಿಟ್ಟರೆ ಕಾಶಿ ಮಥುರಾಗಳ ನಡುವೆ ನಿಮ್ಮ ಮಗಳೊಬ್ಬಳು ಬೇರೆಯಾಗಿ ಕಾಣುತ್ತಾಳೆ ಎಂದೆ. “ಛಾನ ನಾಂವ ಆಹೆ ಹೋ,” ಎಂದು ಹೆಸರನ್ನು ಮೆಚ್ಚಿ ಒಪ್ಪಿಕೊಂಡರು. ನಿಮ್ಮ ತಂಗಿ ಒಪ್ಪುತ್ತಾರೆಯೇ ಎಂದು ಕೇಳಿದೆ. ತಂಗಿ ಅಣ್ಣ ಹೇಳಿದಂತೆ ಕೇಳುತ್ತಾಳೆ ಎಂದರು. ಇಂಥ ಸೋದರಿಯರೂ ಲೋಕದಲ್ಲಿದ್ದಾರೆಂದು ನನಗೆ ಅಂದು ತಿಳಿಯಿತು.

ಅವರ ಮನೆಯ ನಾಮಕರಣದಂದು ನಾನು ಅಂಗಳದಲ್ಲಿ ನಿಂತು ಕೇಳಿದೆ. ಕುರ್ರ್ ಎಂದಿತು, ಗುದ್ದುಗಳು ಬಿದ್ದವು, ‘ಶಾಲ್ಮಲಾ’ ಎಂಬ ಹೆಸರು ಕಿಟಕಿಯಿಂದ ತೇಲಿಬಂತು. ಅಕ್ಕ ಒಳಗಿದ್ದಳು, ಅವಳ ಕಿವಿಗೂ ಬಿದ್ದಿತ್ತು. ಹೊರಗೆ ಬಂದಾಗ, “ನೋಡಿದ್ಯಾ ಅಕ್ಕಾ?” ಎಂದೆ. “ನೋಡಿದೆ,” ಎಂದಳು. ಅಷ್ಟೇ. ಆಮೇಲೆ ಆ ಮಾತೇ ಇಲ್ಲ. ನಾನು ಎದುರಿಗೆ ಕೂತರೆ ಬೇಳೆ ಆರಿಸಿದಳು, ಕೆಮ್ಮಿದರೆ ಕಷಾಯ ಕೊಟ್ಟಳು. ಮೌನವನ್ನು ಸಮ್ಮತಿಯ ಲಕ್ಷಣವೆಂದು ಹಿಂದಿನವರು ಹೇಳಿದ್ದಾರೆ. ಅವರಿಗೆ ಅಕ್ಕಂದಿರು ಇರಲಿಲ್ಲವೆಂದು ತೋರುತ್ತದೆ. ಕಚೇರಿಯಲ್ಲಿ ಒಂದೇ ಮೊತ್ತವನ್ನು ಮತ್ತೆ ಮತ್ತೆ ಕೂಡಿಸಿ, ಪ್ರತಿಸಲವೂ ಬೇರೆ ಉತ್ತರ ಪಡೆದೆ.

ನಮ್ಮ ದಿನ ಬಂತು. ತೊಟ್ಟಿಲಿಗೆ ಹೂ ಕಟ್ಟಿದರು. ವಾಡೆಯ ಹೆಂಗಸರೆಲ್ಲ ಒಳಗೆ ಸೇರಿದರು. ಗೋವಿಂದರಾಯರ ಹೆಂಡತಿಯೂ ಕೂಸನ್ನೆತ್ತಿಕೊಂಡು ಬಂದರು. ನಾನು ಪಡಸಾಲೆಯಲ್ಲಿ ಮುಚ್ಚಿದ ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಜೋಗುಳ ಮುಗಿಯಿತು. ಕುರ್ರ್ ಎಂದಿತು. ಗುದ್ದುಗಳ ಶಬ್ದದಲ್ಲಿ ಹೆಸರು ಮುಳುಗಿಹೋಯಿತು. ಒಳಗೆ ನಗು, ಬಳೆಗಳ ಸದ್ದು. ಬಾಗಿಲು ತೆರೆಯಿತು.

ಅಕ್ಕ ಬೆನ್ನು ನೀವಿಕೊಳ್ಳುತ್ತ ಬಂದು ನನ್ನ ಕೈಯಲ್ಲಿ ಗುಗ್ಗರಿಯಿಟ್ಟು, “ಕಾಶಿ,” ಎಂದಳು.

ಒಬ್ಬಳನ್ನು ತೋರಿಸಿದೆನಲ್ಲ ಎಂದೆ.

“ತೋರಿಸಿದಿ, ಅದಕ್ಕೇ. ಅವರು ಆಶಾ ಮಾಡಿ ಇಟ್ಟ ಹೆಸರು ವಾರ ತುಂಬೂದ್ರಾಗ ಎದರು ಮನಿಯಾಗ ನಾವು ಇಟ್ರ ಕದ್ದಂಗ ಆಗತದಲ್ಲೋ. ಅವರ ಮನಿಯಾಕಿ ಕೂಸು ಎತ್ಕೊಂಡು ನನ್ನ ಮುಂದೇ ಕೂತಾಳ, ನಾ ಹ್ಯಾಂಗ ಅನ್ನಲಿ?”

ಕಾಶಿಯರು ವಾಡೆಯಲ್ಲಿ ಬೇಕಾದಷ್ಟಿದ್ದಾರಲ್ಲ ಎಂದೆ. “ಕಾಶಿ ಎಲ್ಲಾರ್ದು,” ಎಂದಳು. “ನಮ್ಮವ್ವ ಮಾತ್ರ ನಮ್ಮಾಕಿ,” ಎಂದು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ನಾನು ಗುಗ್ಗರಿ ತಿಂದೆ.

ಗೋವಿಂದರಾಯರ ಮಗಳು ಚೆಲುವೆಯಾಗಿ ಬೆಳೆದಳು. ಹೆಸರೂ ಅವಳ ಜೊತೆ ಪೇಟೆಯಲ್ಲಿ ಓಡಾಡಿತು. ಹಿಂದಿನ ಓಣಿಯಲ್ಲಿ ಒಬ್ಬಳು ಶಾಲ್ಮಲಾ ಹುಟ್ಟಿದಳು, ನಮ್ಮ ಕಚೇರಿಯ ಹಿರಿಯ ಕಾರಕೂನರ ಮೊಮ್ಮಗಳೂ ಶಾಲ್ಮಲಾ ಆದಳು. ಆ ಕಾರಕೂನರು ಪೇಢೆ ಹಂಚುತ್ತ ನನ್ನ ಮೇಜಿನ ಹತ್ತಿರ ನಿಂತು, ಈ ಹೆಸರಿನ ಅರ್ಥವನ್ನು ನನಗೆ ನಿಧಾನವಾಗಿ ತಿಳಿಸಿಕೊಟ್ಟರು. ಇದು ಅಸಲು ಪುಣೆಯ ಹೆಸರು, ನಿಮ್ಮ ಕರ್ನಾಟಕದ ಕಡೆ ಇರಲಿಕ್ಕಿಲ್ಲ ಎಂದರು. ನಿಮ್ಮ ಮಗಳ ಹೆಸರೇನೆಂದು ಕೇಳಿದರು.

ಕಾಶಿ ಎಂದೆ.