ಟರ್ಕಿಯ ಕಡಲತೀರದಲ್ಲಿ ಒಂದು ಒಗ್ಗರಣೆ

ಹೆಂಡತಿಗೆ ವಿಶ್ರಾಂತಿ ಕೊಡಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ ಎಂದು ನಾನು ನಂಬಿದ್ದೆ. ಎರಡು ಟಿಕೆಟ್ ತೆಗೆಸಬೇಕು, ಸಮುದ್ರಕ್ಕೆ ಮುಖ ಮಾಡಿದ ಒಂದು ಹೋಟೆಲ್ ರೂಮು ಹಿಡಿಯಬೇಕು, ಅವಳನ್ನು ಕರೆದುಕೊಂಡು ಹೋಗಿ ಆರಾಮಕುರ್ಚಿಯ ಮೇಲೆ ಕೂರಿಸಬೇಕು. ಮುಗಿಯಿತು! ಉಳಿದದ್ದನ್ನು ಕುರ್ಚಿ ನೋಡಿಕೊಳ್ಳುತ್ತದೆ.

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ನಮ್ಮ ಫ್ಲಾಟು. ಕಾರು ಹತ್ತಿದರೆ ಸ್ವಲ್ಪ ಹೊತ್ತಿಗೇ ಸಮುದ್ರ ಸಿಗುತ್ತದೆ. ಆದರೂ ಈದ್ ರಜೆ ಬಂತೆಂದರೆ ಇಲ್ಲಿನ ನಮ್ಮ ಜನ ವಿಮಾನ ಹತ್ತಿ ಬೇರೆ ದೇಶದ ಸಮುದ್ರ ನೋಡಲು ಹೋಗುತ್ತಾರೆ. ಅದರ ಮುಂದೆ ಕೈ ಚಾಚಿ ನಿಂತು ಫೋಟೊ ತೆಗೆಸಿಕೊಂಡು, ಮನೆಯಲ್ಲೇ ಉಳಿದವರ ಹೊಟ್ಟೆ ಉರಿಸುತ್ತಾರೆ. ಪ್ರತಿ ವರ್ಷ ನಮ್ಮ ಹೊಟ್ಟೆಯೇ ಯಾಕೆ ಉರಿಯಬೇಕು? ಈ ಸಲ ಟರ್ಕಿಯ ಕಡಲತೀರ ಎಂದು ನಾನು ತೀರ್ಮಾನಿಸಿದೆ. ಮಗಳು ಅದಿತಿ ಖಲೀಫಾ ಸಿಟಿಯಲ್ಲಿರುವ ಗೆಳತಿಯ ಮನೆಯಲ್ಲಿ ಇರುತ್ತೇನೆಂದಳು. ಹೋಗುವವರು ಗಂಡ ಹೆಂಡತಿ ಇಬ್ಬರೇ.

ನನ್ನ ಹೆಂಡತಿ ವಸುಧಾ ಇಲ್ಲಿನ ಇಂಡಿಯನ್ ಸ್ಕೂಲೊಂದರಲ್ಲಿ ಗಣಿತದ ಟೀಚರ್. ಟಿಕೆಟ್ ನೋಡಿ ಖುಷಿಪಟ್ಟಳು. ಆಮೇಲೆ ಒಂದೇ ಒಂದು ಷರತ್ತು ಹಾಕಿದಳು.

"ನೋಡಿ, ನಾಲ್ಕು ದಿನ ನನ್ನ ಮೂಗಿಗೆ ಒಗ್ಗರಣೆ ವಾಸನೆ ಬಡೀಬಾರದು. ಅವ್ರು ಏನು ಕೊಡ್ತಾರೋ ಅದನ್ನ ತಿನ್ನೋಣ. ಚೆನ್ನಾಗಿಲ್ದಿದ್ರೂ ತಿನ್ನೋಣ. ತಿಂದ ತಟ್ಟೇನ ಬೇರೆ ಯಾರೋ ಎತ್ಕೊಂಡು ಹೋಗ್ಲಿ. ಸೂಟ್‌ಕೇಸಲ್ಲಿ ಸಾರಿನ ಪುಡಿ ಏನಾದ್ರೂ ಕಾಣಿಸ್ತೋ, ನಾನು ಏರ್‌ಪೋರ್ಟಿಂದಲೇ ವಾಪಸ್!"

ಅವಳ ಸಿಟ್ಟಿಗೆ ಇತಿಹಾಸವಿತ್ತು. ಸಲಾಲಾಕ್ಕೆ ಮೂರು ಸಂಸಾರ ಸೇರಿ ಹೋಗಿದ್ದಾಗ ನಾವು ಗಂಡಸರು ಬೆಟ್ಟದ ಹಸಿರು ನೋಡಿ "ಆಹಾ" ಎನ್ನುತ್ತಿದ್ದೆವು, ಇವಳು ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಹನ್ನೊಂದು ಜನಕ್ಕೆ ಚಿತ್ರಾನ್ನ ಕಲಸುತ್ತಿದ್ದಳು. ಜಾರ್ಜಿಯಾದಲ್ಲಿ ಹಿಮ ಬಿದ್ದಾಗ ಎಲ್ಲರೂ ಹೊರಗೆ ಓಡಿದೆವು. ಇವಳು ಕಿಟಕಿಯಿಂದ ನೋಡಿ, ಕುಕ್ಕರಿನ ಎರಡನೇ ವಿಷಲ್ ಆಗಲಿ ಎಂದು ಒಳಗೇ ನಿಂತಳು. ಹೊರಗೆ ಬರುವಷ್ಟರಲ್ಲಿ ಹಿಮ ನಿಂತಿತ್ತು. ಆ ದಿನ ಅವಳು ಮಾಡಿದ ಬಿಸಿಬೇಳೆಬಾತ್ ಮಾತ್ರ ಬಹಳ ಚೆನ್ನಾಗಿತ್ತು ಎಂದು ನಾನು ಇಂದಿಗೂ ಎಲ್ಲರ ಮುಂದೆ ಹೊಗಳುತ್ತೇನೆ. ಯಾಕೋ ಅವಳಿಗೆ ಆ ಹೊಗಳಿಕೆ ಹಿಡಿಸುವುದಿಲ್ಲ.

"ಕೊಟ್ಟೆ ಮಾತು!" ಎಂದೆ. ರಾಯಭಾರಿಗಳು ಒಪ್ಪಂದಕ್ಕೆ ಸಹಿ ಹಾಕುವಾಗಲೂ ಅಷ್ಟು ಗಂಭೀರವಾಗಿರುವುದಿಲ್ಲ.

ಮಾತು ಕೊಟ್ಟ ವಾರದಲ್ಲಿ ಪ್ರಭಾಕರಣ್ಣನ ಅಂಗಡಿಗೆ ಹೋದದ್ದೇ ತಪ್ಪಾಯಿತು. ಉಡುಪಿ ಕಡೆಯ ಪ್ರಭಾಕರಣ್ಣ ನಮ್ಮ ಪಕ್ಕದ ಬನಿಯಾಸ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದಾರೆ. ಕರಿಬೇವಿನ ಜೊತೆ ಉಪದೇಶವನ್ನೂ ಪುಕ್ಕಟೆ ಕೊಡುತ್ತಾರೆ.

"ಟರ್ಕಿಗಾ? ಅಲ್ಲಿ ನಮ್ಮಂಥವರಿಗೆ ತಿನ್ಲಿಕ್ಕೆ ಎಂತ ಉಂಟು ಮಾರಾಯ್ರೆ? ಸೌತೆಕಾಯಿ ಮತ್ತೆ ಬ್ರೆಡ್ಡು! ನಾಲ್ಕು ದಿನ ಅನ್ನ ಸಾರು ಇಲ್ಲದೆ ಇರ್ತೀರಾ ನೀವು?"

"ನೀವು" ಎಂಬುದನ್ನು ಅವರು ಒತ್ತಿ ಹೇಳಿದರು. ಅವರಿಗೆ ನನ್ನ ಯೋಗ್ಯತೆ ಗೊತ್ತು. ಹಿಂದೊಮ್ಮೆ ದುಬೈಯಲ್ಲಿ ಆಫೀಸಿನ ಎರಡು ದಿನದ ಟ್ರೈನಿಂಗ್ ಇದ್ದಾಗ, ಮೊದಲನೆಯ ದಿನ ಸಂಜೆಯೇ ಸಾರನ್ನಕ್ಕಾಗಿ ಅಬುಧಾಬಿಗೆ ಕಾರು ಓಡಿಸಿಕೊಂಡು ಬಂದವನು ನಾನು.

"ವಸುಧಾಗೆ ಮಾತು ಕೊಟ್ಟಿದ್ದೀನಿ ಪ್ರಭಾಕರಣ್ಣ."

"ಅವರಿಗೆ ಹೇಳುವುದು ಯಾಕೆ? ಅವರು ಅಡುಗೆ ಮಾಡಬಾರದು, ಅಷ್ಟೇ ಅಲ್ವಾ? ನೀವು ಮಾಡಿ!" ಎಂದು ಕಪಾಟಿನ ಕೆಳಗಿನಿಂದ ಒಂದು ಪುಟ್ಟ ಕರೆಂಟ್ ಕುಕ್ಕರ್ ತೆಗೆದು ಮುಂದಿಟ್ಟರು. ಜೊತೆಗೆ ಒಂದು ಮುದ್ದಾದ ಸ್ಟೀಲ್ ಸೌಟು. "ಹೋಗಿ ಬಂದು ವಾಪಸ್ ಕೊಡಿ."

ನಾನು ಇಂಜಿನಿಯರಿಂಗ್ ಓದಿದವನು. ವಾದದಲ್ಲಿ ತರ್ಕವಿದ್ದರೆ ಒಪ್ಪಿಬಿಡುತ್ತೇನೆ. ಅವಳ ಷರತ್ತಿನ ಉದ್ದೇಶ ಅವಳ ವಿಶ್ರಾಂತಿ, ಅದಕ್ಕೆ ನನ್ನ ಸಾರಿನಿಂದ ಭಂಗ ಬರುವುದಿಲ್ಲ, ಆದ್ದರಿಂದ ಇದು ಮಾತು ತಪ್ಪಿದಂತಾಗುವುದಿಲ್ಲ! ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ತುಪ್ಪ, ಸಾಸಿವೆ, ಒಣಮೆಣಸಿನಕಾಯಿ, ಇಂಗು ಎಲ್ಲವನ್ನೂ ಕುಕ್ಕರಿನೊಳಗೆ ತುಂಬಿ, ಕುಕ್ಕರನ್ನು ಹೊಸ ಬೀಚ್ ಟವೆಲ್ಲಿನಲ್ಲಿ ಸುತ್ತಿ, ಅದರ ಮೇಲೆ ನನ್ನ ಹುಲ್ಲಿನ ಟೋಪಿ ಕೂರಿಸಿ ಬ್ಯಾಗಿಗೆ ಸೇರಿಸಿದೆ.

ಆಗ ನಡೆದದ್ದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ವಸುಧಾ ರೂಮಿಗೆ ಬಂದಳು, ಜಿಪ್ ಹಾಕಿದ ನನ್ನ ಬ್ಯಾಗನ್ನು ನೋಡಿದಳು, ಕಣ್ಣರಳಿಸಿದಳು.

"ನಿಮ್ಮ ಬ್ಯಾಗು ನೀವೇ ತುಂಬಿಸ್ಕೊಂಡ್ರಾ?"

ತಕ್ಷಣ ಮೈಸೂರಿನ ಅವಳ ಅಕ್ಕನಿಗೆ ಫೋನು ಹೋಯಿತು. "ಪಾಪ ಕಣೇ, ಈ ಸಲ ಎಷ್ಟು ಬದಲಾಗಿದ್ದಾರೆ ಗೊತ್ತಾ? ಬ್ಯಾಗೂ ಅವರೇ ಪ್ಯಾಕ್ ಮಾಡ್ಕೊಂಡ್ರು!" ನಾನು ಟೋಪಿ ಸರಿ ಮಾಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಏರ್‌ಪೋರ್ಟಿನ ಸ್ಕ್ಯಾನರ್ ನನ್ನ ಬ್ಯಾಗನ್ನು ನುಂಗಿ, ಸ್ವಲ್ಪ ಯೋಚಿಸಿ, ಬೇರೆ ಬೆಲ್ಟಿಗೆ ತಳ್ಳಿತು. ಸಿಬ್ಬಂದಿಯೊಬ್ಬ ಟೋಪಿ ತೆಗೆದ, ಟವೆಲ್ ಬಿಚ್ಚಿದ, ಕುಕ್ಕರ್ ತೆರೆದ, ಸಾರಿನ ಪುಡಿಯ ಪೊಟ್ಟಣ ಎತ್ತಿ ಹಿಡಿದ.

"ಯೇ ಕ್ಯಾ ಹೈ?"

"ದವಾ ಹೈ," ಎಂದೆ. ಸಾರು ಔಷಧಿ ಎಂಬುದು ನನ್ನ ಮಟ್ಟಿಗೆ ಸುಳ್ಳೂ ಅಲ್ಲ.

ಅವನು ಮೂಸಿದ. ಮೂಸಿದವನು ನಕ್ಕ. "ಖಲಾಸ್, ಯಲ್ಲಾ!" ಮುಗೀತು, ಹೊರಡು ಎಂದು ಬ್ಯಾಗನ್ನು ನನ್ನ ಕಡೆ ದೂಡಿದ. ಮುಂದೆ ನಿಂತಿದ್ದ ವಸುಧಾ ಏನಾಯಿತೆಂದು ಕೇಳಿದಳು. ಶೇವಿಂಗ್ ಸೆಟ್ ನೋಡಿದರು ಎಂದೆ.

ಈಗ ಒಂದು ಸತ್ಯ ಹೇಳಬೇಕು. ಪ್ರಭಾಕರಣ್ಣ ಹೇಳಿದ್ದು ಅಪ್ಪಟ ಸುಳ್ಳು! ಆ ಹೋಟೆಲಿನಲ್ಲಿ ಬದನೆಕಾಯಿಯೊಂದರಲ್ಲೇ ಎಷ್ಟು ಬಗೆ ಇತ್ತು ಎಂದರೆ ನಮ್ಮ ಮದುವೆ ಮನೆಯ ಅಡುಗೆಯವರು ತಲೆ ತಗ್ಗಿಸಬೇಕು. ಮೊಸರು ಇತ್ತು, ಅನ್ನ ಇತ್ತು, ಬೇಳೆಯ ಸೂಪು ಸಹ ಇತ್ತು. ವಸುಧಾ ಒಂದೊಂದನ್ನೂ ತಟ್ಟೆಗೆ ಹಾಕಿಕೊಂಡು, ಯಾವುದಕ್ಕೆ ಎಷ್ಟು ಉಪ್ಪು ಎಂಬ ಯೋಚನೆಯಿಲ್ಲದೆ ತಿಂದಳು. ತಟ್ಟೆ ಎತ್ತಿಕೊಂಡು ಹೋಗಲು ಬಂದ ಹುಡುಗಿಗೆ ಥ್ಯಾಂಕ್ಸ್ ಹೇಳುವಾಗ ಅವಳ ಮುಖದಲ್ಲಿ ನಮ್ಮ ಮದುವೆಯ ದಿನವೂ ಇರದಿದ್ದ ಕಳೆ ಇತ್ತು.

ನಾನು? ಸೂಪು ಕುಡಿದು, "ಇದಕ್ಕೊಂದು ಒಗ್ಗರಣೆ ಬಿದ್ದಿದ್ರೆ..." ಎಂದೆ.

"ಆ ಪದ ಎತ್ತಬೇಡಿ," ಎಂದಳು.

ಎರಡನೆಯ ದಿನ ಬೆಳಿಗ್ಗೆ ಅವಳು ಹೋಟೆಲಿನ ಹಮಾಮ್‌ಗೆ ಹೆಸರು ಕೊಟ್ಟಳು. ಬೆಚ್ಚಗಿನ ಅಮೃತಶಿಲೆಯ ಹಾಸಿನ ಮೇಲೆ ಮಲಗಿಸಿ, ಮೈತುಂಬ ಸೋಪಿನ ನೊರೆ ಹೊದಿಸಿ, ಉಜ್ಜಿ ತೊಳೆಯುವ ಟರ್ಕಿಯ ಸ್ನಾನ ಅದು. ಬಿಳಿ ನಿಲುವಂಗಿ ತೊಟ್ಟು ಬಾಗಿಲಲ್ಲಿ ನಿಂತು, "ಒಂದೂವರೆ ಗಂಟೆ ನನ್ನ ಯಾರೂ ಕರೀಬೇಡಿ. ನಾನು ಯಾರ ಹೆಂಡ್ತಿಯೂ ಅಲ್ಲ, ಯಾರ ಅಮ್ಮನೂ ಅಲ್ಲ," ಎಂದಳು. ಚಪ್ಪಲಿ ಎಳೆದುಕೊಂಡು ಹೋಗುವಾಗ ಏನೋ ಗುನುಗುತ್ತಿದ್ದಳು. ಅವಳು ಗುನುಗಿದ್ದನ್ನು ಕೇಳಿ ಎಷ್ಟು ವರ್ಷವಾಗಿತ್ತೋ! ನನಗೂ ಬಹಳ ಸಂತೋಷವಾಯಿತು. ಆ ಸಂತೋಷದಲ್ಲೇ ಬ್ಯಾಗು ತೆರೆದೆ.

ಬಾತ್‌ರೂಮಿನಲ್ಲಿ ಹೊಗೆ ಎಳೆಯುವ ಫ್ಯಾನ್ ಇದ್ದುದರಿಂದ ಪಾಕಶಾಲೆಯನ್ನು ಅಲ್ಲೇ ಸ್ಥಾಪಿಸಿದೆ. ಅಂಗಿ ಕಳಚಿ, ಲುಂಗಿ ಉಟ್ಟೆ. ಬುಫೆಯಿಂದ ಟಿಶ್ಯೂನಲ್ಲಿ ಸುತ್ತಿ ತಂದಿದ್ದ ಟೊಮೆಟೊ ಹೆಚ್ಚಿಟ್ಟೆ. ಮೊದಲು ಅನ್ನ ಬೇಯಿಸಿ ಐಸ್ ಇಡುವ ಬಕೆಟ್ಟಿಗೆ ವರ್ಗಾಯಿಸಿದೆ. ಆಮೇಲೆ ಬೇಳೆ ಬೇಯಿಸಿ ಸಾರು ಕುದಿಸಿ, ಅದನ್ನು ಹೂದಾನಿಗೆ ಸುರಿದೆ. ಹೂಗಳನ್ನು ಗೌರವದಿಂದಲೇ ಪಕ್ಕಕ್ಕಿಟ್ಟಿದ್ದೆ. ಉಳಿದದ್ದು ಒಗ್ಗರಣೆ ಮಾತ್ರ.

ಅಲ್ಲಿ ಕುಕ್ಕರ್ ತಕರಾರು ತೆಗೆಯಿತು. ನೀರಿಲ್ಲದೆ ಬರೀ ತುಪ್ಪ ಹಾಕಿದ್ದರಿಂದ ಪಾತ್ರೆ ಬೇಗ ಕಾದು, ಬಟನ್ ಟಕ್ಕೆಂದು ಮೇಲಕ್ಕೆ ಹಾರುತ್ತಿತ್ತು. ಸಾಸಿವೆ ಸಿಡಿಯಲೊಲ್ಲದು. ಒತ್ತಿದೆ, ಹಾರಿತು. ಮತ್ತೆ ಒತ್ತಿದೆ, ಮತ್ತೆ ಹಾರಿತು. ಕೊನೆಗೆ ನನ್ನ ಟೂತ್‌ಬ್ರಷ್ಷನ್ನು ಅಡ್ಡ ಸಿಕ್ಕಿಸಿ ಬಟನ್ ಏಳದಂತೆ ಬಂದೋಬಸ್ತು ಮಾಡಿದೆ. ಅಪ್ಪ ಖರ್ಚು ಮಾಡಿ ಇಂಜಿನಿಯರಿಂಗ್ ಓದಿಸಿದ್ದು ಸಾರ್ಥಕವಾಯಿತು ಎಂದುಕೊಂಡೆ.

ಸಾಸಿವೆ ಸಿಡಿಯಿತು. ಒಣಮೆಣಸಿನಕಾಯಿ ಹಾಕಿದೆ, ಇಂಗು ಧಾರಾಳವಾಗಿ ಹಾಕಿದೆ. ಅಹಾ, ಆ ಪರಿಮಳ! ಕಣ್ಣು ಮುಚ್ಚಿ ಆಸ್ವಾದಿಸಿದೆ. ಕಣ್ಣು ಬಿಡುವಷ್ಟರಲ್ಲಿ ಕುಕ್ಕರ್ ಕಾಣಿಸುತ್ತಿರಲಿಲ್ಲ. ಬಾತ್‌ರೂಮೇ ಕಾಣಿಸುತ್ತಿರಲಿಲ್ಲ! ಮೆಣಸಿನಕಾಯಿಯ ಘಾಟು ಗಂಟಲಿಗೆ ಹತ್ತಿ ಕೆಮ್ಮಿದೆ, ಕೆಮ್ಮುತ್ತಲೇ ತಡಕಾಡಿ ವೈರು ಕಿತ್ತೆ. ಅಷ್ಟರಲ್ಲಿ ರೂಮಿನ ಚಾವಣಿಯ ಅಲಾರಂ ಕಿರುಚಲು ಶುರು ಮಾಡಿತು. ಹಾಸಿಗೆಯ ಮೇಲೆ ಹತ್ತಿ ಅದಕ್ಕೆ ಟವೆಲ್ಲಿನಿಂದ ಗಾಳಿ ಹಾಕಿದೆ. ಅದು ಸುಮ್ಮನಾಗಲಿಲ್ಲ. ಆಗ ನನಗೆ ಆ ದಿನದ ಅತ್ಯುತ್ತಮ ಉಪಾಯ ಹೊಳೆಯಿತು. ಹೊಗೆ ಹೊರಗೆ ಹೋಗಲೆಂದು ರೂಮಿನ ಬಾಗಿಲು ತೆರೆದೆ.

ಹೊಗೆ ವಿಧೇಯವಾಗಿ ಹೊರಗೆ ಹೋಯಿತು. ಹೋಗಿ ಕಾರಿಡಾರಿನ ಅಲಾರಂಗೆ ವಿಷಯ ತಿಳಿಸಿತು. ಅದು ಇಡೀ ಕಟ್ಟಡಕ್ಕೆ ತಿಳಿಸಿತು!

ಟರ್ಕಿಷ್, ರಷ್ಯನ್, ಜರ್ಮನ್, ಇಂಗ್ಲಿಷ್ ಎಲ್ಲ ಭಾಷೆಗಳಲ್ಲೂ ನನ್ನ ಸಾರಿನ ಸುದ್ದಿ ಧ್ವನಿವರ್ಧಕದಲ್ಲಿ ಬಿತ್ತರವಾಯಿತು. ಎಲ್ಲರೂ ಮೆಟ್ಟಿಲಿಳಿದು ಓಡಿದರು. ಜನರ ಮಧ್ಯೆ ನಾನೂ ಓಡಿದೆ. ಕೆಳಗೆ ಹುಲ್ಲುಹಾಸಿನ ಮೇಲೆ ಈಜುಡುಗೆಯ ನೂರಾರು ಮಂದಿ ಜಮಾಯಿಸಿದ್ದರು. ಬೆಂಕಿ ಎಂದರೆ ಜನ ಅತ್ಯಂತ ಮುಖ್ಯವಾದದ್ದನ್ನು ಮಾತ್ರ ಹಿಡಿದುಕೊಂಡು ಓಡುತ್ತಾರಂತೆ. ಒಬ್ಬರ ಕೈಯಲ್ಲಿ ಪಾಸ್‌ಪೋರ್ಟ್ ಇತ್ತು, ಇನ್ನೊಬ್ಬರ ಕಂಕುಳಲ್ಲಿ ಮಗು ಇತ್ತು. ನನ್ನ ಕೈಯಲ್ಲಿ ಸೌಟು ಇತ್ತು.

ಅದನ್ನು ಲುಂಗಿಯಲ್ಲಿ ಮುಚ್ಚಿಕೊಳ್ಳುವಷ್ಟರಲ್ಲಿ ಹಮಾಮ್ ಕಡೆಯಿಂದ ವಸುಧಾ ಬಂದಳು. ಮೈಗೆ ಹಮಾಮಿನವರ ಚೌಕಳಿ ಬಟ್ಟೆ ಸುತ್ತಿಕೊಂಡಿದ್ದಳು. ತಲೆಯ ಮೇಲೆ, ಹೆಗಲ ಮೇಲೆ ಬಿಳಿ ನೊರೆ. ಎಲ್ಲರೂ ಕಟ್ಟಡದ ಕಡೆ ನೋಡುತ್ತಿದ್ದರೆ ಅವಳೊಬ್ಬಳು ಮೂಗೆತ್ತಿ ಗಾಳಿಯನ್ನು ಮೂಸಿದಳು.

"ಇಂಗು," ಎಂದಳು.

ಅಷ್ಟೇ. ಆಮೇಲೆ ಗುಂಪಿನಲ್ಲಿ ನನ್ನನ್ನು ಹುಡುಕಿದಳು, ಸೌಟನ್ನು ನೋಡಿದಳು.

ಅಗ್ನಿಶಾಮಕದವರು ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋದರು. ಹೊರಗೆ ಬರುವಾಗ ಅವರಲ್ಲೊಬ್ಬ ದಪ್ಪ ಕೈಗವಸಿನಲ್ಲಿ ಪ್ರಭಾಕರಣ್ಣನ ಕುಕ್ಕರನ್ನು ಮೈಗೆ ತಾಗದಂತೆ ದೂರ ಹಿಡಿದು ತಂದ. ಕರಗಿದ ಟೂತ್‌ಬ್ರಷ್ ಅದಕ್ಕೆ ಅಂಟಿಕೊಂಡಿತ್ತು. ಮ್ಯಾನೇಜರ್ ಕುಕ್ಕರ್ ನೋಡಿದ, ಸೌಟು ನೋಡಿದ, ನನ್ನ ಲುಂಗಿ ನೋಡಿದ. ನಂತರ ಇಡೀ ಹುಲ್ಲುಹಾಸಿನಲ್ಲಿ ನನ್ನನ್ನು ಬಿಟ್ಟರೆ ಭಾರತೀಯಳಂತೆ ಕಂಡವಳು ವಸುಧಾ ಒಬ್ಬಳೇ ಆದ್ದರಿಂದ, ಅವಳ ಬಳಿ ಹೋಗಿ ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿದ: "ಮೇಡಂ, ಇವರು ನಿಮ್ಮ ಜೊತೆ ಬಂದವರಾ?"

ವಸುಧಾ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ನೋ," ಎಂದಳು. ತಿರುಗಿ ನೊರೆ ತೊಳೆಸಿಕೊಳ್ಳಲು ಹಮಾಮ್‌ಗೆ ಹೊರಟುಹೋದಳು!

ನಮ್ಮ ರೂಮಿಗೆ ಕಾಲಿಟ್ಟವರೆಲ್ಲ ಸೀನುತ್ತಿದ್ದುದರಿಂದ ಹೋಟೆಲಿನವರು ಅವಳಿಗೆ ಮೇಲಿನ ಮಹಡಿಯಲ್ಲಿ ಬೇರೆ ರೂಮು ಕೊಟ್ಟರು. ನನಗೆ ಕೊಡಲಿಲ್ಲ. ಮಾಡಿದವನೇ ಅನುಭವಿಸಲಿ ಎಂಬ ನೀತಿ ಟರ್ಕಿಯಲ್ಲೂ ಇದೆ. ಸಂಜೆ ಬೀಚಿನಲ್ಲಿ ಅವಳ ಪಕ್ಕದ ಕುರ್ಚಿಗೆ ಹೋಗಿ ಕೂತೆ.

"ಸಾರಿ," ಎಂದೆ. "ನೀನು ಮಾಡಬಾರದು ಅಂತಲೇ ನಾನು ಮಾಡಿದ್ದು..."

ಅವಳು ಸಮುದ್ರ ನೋಡುತ್ತಲೇ ಹೇಳಿದಳು. "ನೀವು ಸಾರು ಮಾಡಿದ್ದಕ್ಕೆ ನನಗೆ ಕೋಪ ಇಲ್ಲ ಕಣ್ರೀ. ಅಲ್ಲಿ ಬೆಚ್ಚಗೆ ಮಲಗಿದ್ದೆ. ಅರ್ಧ ನಿದ್ದೆ ಬಂದಿತ್ತು. ಎಲ್ಲಿಂದಲೋ, ಆ ಫ್ಯಾನಿನ ಕಿಂಡಿಯಿಂದಲೋ ಏನೋ, ಒಗ್ಗರಣೆ ವಾಸನೆ ಬಂತು. ಅಲಾರಂ ಇನ್ನೂ ಹೊಡೆದಿರಲಿಲ್ಲ. ನಾನು ಧಡಕ್ಕನೆ ಎದ್ದು ಕೂತೆ. 'ಅಯ್ಯೋ, ಒಲೆ ಮೇಲೆ ಏನೋ ಇಟ್ಟು ಮರೆತೆ' ಅಂತ! ಟರ್ಕಿಯಲ್ಲಿ, ನೊರೆ ಒಳಗೆ! ಎಷ್ಟು ಕೆಟ್ಟದಾಗಿ ಅಭ್ಯಾಸ ಮಾಡಿಸಿದ್ದೀರಿ ನೋಡಿ ನನಗೆ."

ಇಂಜಿನಿಯರಿಂಗ್‌ನಲ್ಲಿ ಅಂಥ ಅಭ್ಯಾಸ ಬಿಡಿಸುವುದನ್ನು ಹೇಳಿಕೊಟ್ಟಿರಲಿಲ್ಲ. ಉಳಿದ ದಿನಗಳಲ್ಲಿ ಬೇಳೆ ಸೂಪನ್ನು ಒಗ್ಗರಣೆಯ ಮಾತೆತ್ತದೆ ಕುಡಿದೆ.

ಅಬುಧಾಬಿಗೆ ಬಂದ ಮೇಲೆ ಪ್ರಭಾಕರಣ್ಣನಿಗೆ ಹೊಸ ಕುಕ್ಕರ್ ಕೊಡಿಸಿದೆ. ಸೌಟು ವಾಪಸ್ ಕೊಡಲು ಹೋದರೆ ವಸುಧಾ ತಡೆದಳು. "ಅದು ನಿಮ್ಮ ಹತ್ರಾನೇ ಇರಲಿ. ಬೇಕಾಗುತ್ತೆ," ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ರಾತ್ರಿಯ ಅಡುಗೆ ನನ್ನದು.

ಮೊನ್ನೆ ಶನಿವಾರ ಒಗ್ಗರಣೆ ಹಾಕುತ್ತಿದ್ದಾಗ ಫೋನು ಬಂತು. ಮಾತಾಡುತ್ತಾ ನಿಂತೆ. ಬಾಣಲೆಯಲ್ಲಿ ಒಗ್ಗರಣೆ ಸೀದು ಹೊಗೆ ಎದ್ದು, ನಮ್ಮ ಫ್ಲಾಟಿನ ಅಲಾರಂ ಬಡಿದುಕೊಳ್ಳತೊಡಗಿತು. ಒಲೆ ಆರಿಸಿ, ಸೌಟು ಹಿಡಿದುಕೊಂಡೇ ಹಾಲಿಗೆ ಓಡಿ ಬಂದೆ.

"ವಸುಧಾ, ಸ್ವಲ್ಪ ಬಾ ಇಲ್ಲಿ!"

ಅದಿತಿ ಕಿವಿ ಮುಚ್ಚಿಕೊಂಡು ಕೂತಿದ್ದಳು. "ಡೋಂಟ್ ಡಿಸ್ಟರ್ಬ್ ಹರ್ ಅಪ್ಪಾ. ಶಿ ಈಸ್ ಆನ್ ಹಾಲಿಡೇ," ಎಂದಳು.

ವಸುಧಾ ಸೋಫಾದ ಮೇಲೆ ಕಾಲು ಚಾಚಿ ಒರಗಿ ಪುಸ್ತಕ ಓದುತ್ತಿದ್ದಳು. ಅಲಾರಂ ಕೂಗುತ್ತಲೇ ಇತ್ತು. ಅವಳು ಏಳಲಿಲ್ಲ. ಗಾಬರಿಯಾಗಲಿಲ್ಲ. ಪುಸ್ತಕದಿಂದ ತಲೆಯನ್ನೂ ಎತ್ತದೆ, ಮೂಗನ್ನು ಮಾತ್ರ ಒಮ್ಮೆ ಅರಳಿಸಿದಳು.

"ಇಂಗು ಜಾಸ್ತಿಯಾಯ್ತು," ಎಂದು ಪುಟ ತಿರುಗಿಸಿದಳು.